ಕಾಡಿನ ಮೀಥೇನ್ ಲೆಕ್ಕ ತಪ್ಪಿದಾಗ ಎಲ್ಲಿ ಹುಡುಕಬೇಕು

ಇಳಿಜಾರಿನ, ನೀರು ನಿಲ್ಲದ ಕಾಡು. ನೆಲಕ್ಕೆ ಕೂರಿಸಿದ ಕಾಲರ್ (ಪ್ಲಾಸ್ಟಿಕ್ ಬಳೆ) ಮೇಲೆ ಚೇಂಬರ್ (ಗಾಳಿ ಹಿಡಿದಿಡುವ ಡಬ್ಬಿ) ಮುಚ್ಚಿ ಐದು ನಿಮಿಷ ಆಯಿತು. ಒಳಗಿನ ಗಾಳಿಯಲ್ಲಿ ಮೀಥೇನ್ ನಿಧಾನಕ್ಕೆ ಇಳಿಯಬೇಕಿತ್ತು. ಆದರೆ ಅನಿಲ ಅಳೆಯುವ ಯಂತ್ರದ, ಅಂದರೆ ಅನಲೈಜರಿನ, ತೆರೆಯ ಮೇಲಿನ ಗೆರೆ ಮಟ್ಟಸವಾಗಿ ನಿಂತಿದೆ, ಇಲ್ಲವೇ ಮೇಲಕ್ಕೆ ಏರಿದೆ, ಇಲ್ಲವೇ ಎತ್ತೆತ್ತಲೋ ಹೊಯ್ದಾಡಿದೆ. ಯಂತ್ರ ಕೆಟ್ಟಿದೆಯಾ, ಕಾಡೇ ಹಾಗಿದೆಯಾ? ಅದನ್ನು ಪತ್ತೆ ಮಾಡುವ ದಾರಿ ಇಲ್ಲಿದೆ. ಮಲೆನಾಡಿನ ಕಾಡುಗಳಲ್ಲಿ ಅಳತೆ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಬೇರೆ ಕಡೆಯವರು ಮಳೆ, ಗೆದ್ದಲಿನ ಭಾಗವನ್ನು ತಮ್ಮ ಜಾಗಕ್ಕೆ ಹೊಂದಿಸಿಕೊಳ್ಳಿ.

ಇಳಿಯಬೇಕು ಅಂತ ಯಾಕೆ ಹೇಳುತ್ತೇನೆ ಅಂದರೆ, ಗಾಳಿಯಾಡುವ ಕಾಡುಮಣ್ಣಿನ ಮೇಲ್ಪದರದಲ್ಲಿ ಮೀಥೇನ್ ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ವಾತಾವರಣದಲ್ಲಿ ಮೀಥೇನ್ ಇರುವುದೇ ಸುಮಾರು 1.9 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎರಡು ಭಾಗವೂ ಇಲ್ಲ. ಅದನ್ನೇ ಇವು ಎಳೆದುಕೊಳ್ಳುತ್ತವೆ. ಜಗತ್ತಿನ ಮಣ್ಣೆಲ್ಲ ಸೇರಿ ವರ್ಷಕ್ಕೆ ಸುಮಾರು 3 ಕೋಟಿ ಟನ್ ಮೀಥೇನ್ ಹೀರುತ್ತದೆ ಅನ್ನುವುದು ಈಗಿನ ಅಂದಾಜು. ನೀರು ನಿಂತ ಮಣ್ಣಿನಲ್ಲಿ ಇದೆಲ್ಲ ಉಲ್ಟಾ. ಅಲ್ಲಿ ಆಮ್ಲಜನಕ ಇರುವುದಿಲ್ಲ, ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳದ್ದೇ ಕಾರುಬಾರು. ಒಂದೇ ಕಾಡಿನಲ್ಲಿ ಗುಡ್ಡದ ಮೇಲೆ ಹೀರುವ ಮಣ್ಣು ಸಿಗುತ್ತದೆ, ಹಳ್ಳದ ಪಕ್ಕ ಬಿಡುವ ಮಣ್ಣು ಸಿಗುತ್ತದೆ. ಹಾಗಾಗಿ ಅಳತೆ ಅನುಮಾನ ಬಂತು ಅಂತ ತಕ್ಷಣ ಅಳಿಸಬೇಡಿ. ತಕ್ಷಣ ನಂಬಲೂ ಬೇಡಿ.

ಎಷ್ಟು ಇಳಿಯಬೇಕಿತ್ತು, ಮೊದಲು ಲೆಕ್ಕ ಹಾಕಿ

ಇದನ್ನು ಮಾಡದೆ ಸುಮ್ನೆ ಪೈಪು ಬಿಚ್ಚುತ್ತಾ ಕೂತರೆ ದಿನ ಹೋಗುತ್ತದೆ, ಅಷ್ಟೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಾಲರಿನ ಅಡ್ಡಳತೆ 20 ಸೆಂ.ಮೀ., ಅಂದರೆ ನೆಲದ ವಿಸ್ತೀರ್ಣ 0.0314 ಚದರ ಮೀಟರ್. ಚೇಂಬರ್, ನೆಲದಿಂದ ಮೇಲಿರುವ ಕಾಲರ್, ಪೈಪು, ಅನಲೈಜರ್ ಒಳಗಿನ ಜಾಗ ಎಲ್ಲ ಸೇರಿ 5 ಲೀಟರ್. ಉಷ್ಣಾಂಶ 24 ಡಿಗ್ರಿ. ಒತ್ತಡ 94.5 ಕಿಲೊಪ್ಯಾಸ್ಕಲ್, ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿ ಹೆಚ್ಚು ಕಡಿಮೆ ಇಷ್ಟಿರುತ್ತದೆ. ಒತ್ತಡವನ್ನು ಗಾತ್ರದಿಂದ ಗುಣಿಸಿ, ಅನಿಲ ಸ್ಥಿರಾಂಕ 8.314ರಿಂದಲೂ ಕೆಲ್ವಿನ್ ಉಷ್ಣಾಂಶ 297ರಿಂದಲೂ ಭಾಗಿಸಿ. ಒಳಗೆ 0.191 ಮೋಲ್ ಗಾಳಿ ಇದೆ. ಅದನ್ನು ವಿಸ್ತೀರ್ಣದಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 6.1 ಮೋಲ್.

ಚೆನ್ನಾಗಿ ಹೀರುವ ಕಾಡುಮಣ್ಣು ಒಂದು ಚದರ ಮೀಟರಿನಲ್ಲಿ ಸೆಕೆಂಡಿಗೆ 1 ನ್ಯಾನೊಮೋಲ್ (ಒಂದು ಮೋಲ್‌ನ ನೂರು ಕೋಟಿಯಲ್ಲಿ ಒಂದು ಭಾಗ) ಆಸುಪಾಸು ಎಳೆದುಕೊಳ್ಳುತ್ತದೆ. ದಿನದ ಲೆಕ್ಕದಲ್ಲಿ ಸುಮಾರು 1.4 ಮಿಲಿಗ್ರಾಂ. ಈ 1 ನ್ಯಾನೊಮೋಲನ್ನು 6.1ರಿಂದ ಭಾಗಿಸಿದರೆ ಸೆಕೆಂಡಿಗೆ 0.16 ಪಿಪಿಬಿ (1,000 ಪಿಪಿಬಿ ಸೇರಿದರೆ ಒಂದು ಪಿಪಿಎಂ). ಐದು ನಿಮಿಷಕ್ಕೆ 49 ಪಿಪಿಬಿ. 1,950ರಿಂದ ಹೊರಟದ್ದು 1,900ಕ್ಕೆ ಬಂದು ನಿಲ್ಲುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಯಂತ್ರವನ್ನು ಇದರ ಪಕ್ಕ ಇಟ್ಟು ನೋಡಿ. ಲೇಸರ್ ಅನಲೈಜರ್ ಆಗಿದ್ದರೆ ಸೆಕೆಂಡಿಗೆ ಒಂದರಂತೆ ಬರುವ ಅಂಕಿಗಳ ಅಲುಗಾಟ ಸಾಮಾನ್ಯವಾಗಿ 1 ಪಿಪಿಬಿ ಆಸುಪಾಸು. ಇಳಿಕೆ ಕಣ್ಣಿಗೇ ಕಾಣುತ್ತದೆ. ಸಿರಿಂಜಿನಲ್ಲಿ ಗಾಳಿ ಎಳೆದು, ಸೀಸೆಗೆ ತುಂಬಿ, ಲ್ಯಾಬಿನಲ್ಲಿ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಾಟೊಗ್ರಾಫಿಗೆ ಕೊಡುವವರಾದರೆ ನೂರಕ್ಕೆ 2ರಷ್ಟು ಏರುಪೇರು ಮಾಮೂಲು. ಅಂದರೆ 40 ಪಿಪಿಬಿ. ಐದು ನಿಮಿಷದ ಇಳಿಕೆ ಅದರಲ್ಲೇ ಮುಳುಗಿಹೋಗುತ್ತದೆ. ಅದಕ್ಕೇ ಸಿರಿಂಜಿನವರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮುಚ್ಚಿಡುವುದು.

ಇನ್ನು ಕೆಲವರು ಕಡಿಮೆ ಬೆಲೆಯ ಎಂಕ್ಯೂ-4 ಸೆನ್ಸರ್ ತಂದು ಕಾಡಿಗೆ ಹೊರಡುತ್ತಾರೆ. ಅದು ಕೆಲವು ನೂರು ಪಿಪಿಎಂ ಮೇಲಿನ ಗ್ಯಾಸ್ ಸೋರಿಕೆ ಹಿಡಿಯಲು ಮಾಡಿದ್ದು. ಇಲ್ಲಿ ಹುಡುಕುತ್ತಿರುವುದು 0.05 ಪಿಪಿಎಂ ಬದಲಾವಣೆ. ಗಾಳಿಯ ತೇವ ಸ್ವಲ್ಪ ಬದಲಾದರೂ ಆ ಸೆನ್ಸರ್ ಅದಕ್ಕಿಂತ ಜಾಸ್ತಿ ಕುಣಿಯುತ್ತದೆ. ಗೋಬರ್ ಗ್ಯಾಸ್ ಗುಂಡಿಯ ಪಕ್ಕ ಇಡಿ, ಒಳ್ಳೆಯ ಕೆಲಸ ಮಾಡುತ್ತದೆ.

ಮೀಥೇನ್ ಬಿಡಿ, ಕಾರ್ಬನ್ ಡೈಆಕ್ಸೈಡ್ ಗೆರೆ ನೋಡಿ

ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾಡಿನ ಮಣ್ಣು ಯಾವಾಗಲೂ ಉಸಿರಾಡುತ್ತಿರುತ್ತದೆ. ಬೇರು, ಶಿಲೀಂಧ್ರ, ಬ್ಯಾಕ್ಟೀರಿಯಾ ಸೇರಿ ಬಿಡುವ ಕಾರ್ಬನ್ ಡೈಆಕ್ಸೈಡ್ ಸೆಕೆಂಡಿಗೆ ಚದರ ಮೀಟರಿಗೆ 3ರಿಂದ 5 ಮೈಕ್ರೊಮೋಲ್ ಅಂತ ಇಟ್ಟುಕೊಂಡರೆ, ಮೇಲಿನ ಚೇಂಬರಿನಲ್ಲಿ ಐದು ನಿಮಿಷಕ್ಕೆ 150ರಿಂದ 250 ಪಿಪಿಎಂ ಏರಬೇಕು. ಇದು ದೊಡ್ಡ, ಸ್ಪಷ್ಟವಾದ ಸಂಕೇತ. ಈಗಿನ ಬಹುತೇಕ ಅನಲೈಜರುಗಳು ಎರಡನ್ನೂ ಒಟ್ಟಿಗೆ ಅಳೆಯುತ್ತವೆ. ಒಂದೇ ಚೇಂಬರ್, ಒಂದೇ ಪೈಪು, ಒಂದೇ ಪಂಪು. ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಗೆರೆಯೇ ನಿಮ್ಮ ಸಾಕ್ಷಿ.

ಕಾರ್ಬನ್ ಡೈಆಕ್ಸೈಡ್ ಕೂಡ ಸರಿಯಾಗಿ ಏರುತ್ತಿಲ್ಲ, ಅಥವಾ ಏರಿ ಬಾಗಿ ನಿಲ್ಲುತ್ತಿದೆ ಅಂದರೆ ತಪ್ಪು ಇರುವುದು ಗಾಳಿಯ ದಾರಿಯಲ್ಲಿ. ಸೋರಿಕೆ, ಪಂಪು, ಪೈಪು, ಫಿಲ್ಟರು. ಮೀಥೇನ್ ಬಗ್ಗೆ ಯೋಚಿಸಲೇಬೇಡಿ, ಮೊದಲು ಅದನ್ನು ಸರಿ ಮಾಡಿ.

ಕಾರ್ಬನ್ ಡೈಆಕ್ಸೈಡ್ ನೇರವಾಗಿ ಏರುತ್ತಿದೆ, ಮೀಥೇನ್ ಮಾತ್ರ ಮಟ್ಟಸವಾಗಿದೆ. ಚೇಂಬರ್ ಚೆನ್ನಾಗಿದೆ. ಬಹುಶಃ ಮಣ್ಣು ನಿಜವಾಗಿಯೂ ಏನೂ ಹೀರುತ್ತಿಲ್ಲ. ಮಳೆಗಾಲದಲ್ಲಿ ಇದು ತೀರಾ ಸಾಮಾನ್ಯ, ಮುಂದೆ ಹೇಳುತ್ತೇನೆ.

ಕಾರ್ಬನ್ ಡೈಆಕ್ಸೈಡ್ ನೇರ, ಮೀಥೇನ್ ಕೂಡ ನೇರವಾಗಿ ಮೇಲಕ್ಕೆ. ಇಲ್ಲಿ ಮೂಲ ಒಂದು ಇದೆ. ಅದು ಮಣ್ಣಿನಲ್ಲಿದೆಯೋ, ಚೇಂಬರಿನ ಅಂಚಿಗೆ ಹಾಕಿದ ರಬ್ಬರ್ ಗ್ಯಾಸ್ಕೆಟ್ಟಿನಲ್ಲಿದೆಯೋ ಅನ್ನುವುದಷ್ಟೇ ಪ್ರಶ್ನೆ. ಇನ್ನೊಂದು ಮಾತು: ಸೋರಿಕೆಯಿಂದ ಮೀಥೇನ್ ಹೊರಗಿನ ಗಾಳಿಗಿಂತ ಮೇಲಕ್ಕೆ ಹೋಗುವುದಿಲ್ಲ. ಸೋರಿಕೆ ಮಾಡುವುದು ಒಂದೇ ಕೆಲಸ, ಒಳಗಿನದನ್ನು ಹೊರಗಿನದರ ಕಡೆಗೆ ಎಳೆಯುವುದು. ಮೀಥೇನ್ ಏರಿದ್ದಕ್ಕೆಲ್ಲ ಗ್ಯಾಸ್ಕೆಟ್ ಸೋರುತ್ತಿದೆ ಅಂತ ಬರೆದುಕೊಳ್ಳುವವರನ್ನು ನೋಡಿದ್ದೇನೆ. ಅದು ಆಗದ ಮಾತು.

ಗಾಳಿಯ ದಾರಿ

ಸೋರಿಕೆ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಚೇಂಬರ್ ಮುಚ್ಚಿ, ಒಂದು ತೆಳು ಪೈಪನ್ನು ಬಾಯಿಗೆ ಇಟ್ಟುಕೊಂಡು ಗ್ಯಾಸ್ಕೆಟ್ ಸುತ್ತ ನಿಧಾನಕ್ಕೆ ಉಸಿರು ಬಿಡಿ. ನಾವು ಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 4ರಷ್ಟು, ಅಂದರೆ 40,000 ಪಿಪಿಎಂ. ಎಲ್ಲಿ ತೂತಿದೆಯೋ ಅಲ್ಲಿ ಬಂದಾಗ ತೆರೆಯ ಮೇಲೆ ಗೆರೆ ಚಿಮ್ಮುತ್ತದೆ. ಹೆಚ್ಚಿನ ಸಲ ತಪ್ಪು ಗ್ಯಾಸ್ಕೆಟ್ಟಿನದ್ದಲ್ಲ. ಕಾಲರಿನ ಅಂಚಿಗೆ ಮೆತ್ತಿದ ಮಣ್ಣು, ಒಂದು ತರಗೆಲೆಯ ಚೂರು, ಇಲ್ಲವೇ ಗಿಡದ ಸಣ್ಣ ಬೇರು. ಪ್ರತಿ ಸಲ ಮುಚ್ಚುವ ಮೊದಲು ಅಂಚನ್ನು ಬೆರಳಿನಲ್ಲಿ ಒಂದು ಸುತ್ತು ಸವರಿ.

ಅಂದ ಹಾಗೆ, ಉಸಿರಿನ ವಿಷಯದಲ್ಲಿ ಹುಷಾರು. ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಉಸಿರಿನಲ್ಲಿ ಮೀಥೇನ್ ಇರುತ್ತದೆ. ಕರುಳಿನಲ್ಲಿ ತಯಾರಾಗಿ ರಕ್ತದ ಮೂಲಕ ಶ್ವಾಸಕ್ಕೆ ಬರುವಂಥದ್ದು. ಯಾರು ಅಂತ ನೋಡಿ ಗೊತ್ತಾಗುವುದಿಲ್ಲ. ಚೇಂಬರ್ ಮೇಲೆ ಬಗ್ಗಿ ಏದುಸಿರು ಬಿಡುತ್ತಾ ಮುಚ್ಚಿದರೆ ಮೊದಲ ಅಂಕಿಯೇ ಎತ್ತರದಲ್ಲಿ ಶುರುವಾಗುತ್ತದೆ. ನಿಮ್ಮ ತಂಡದಲ್ಲಿ ಒಬ್ಬರು ಮುಚ್ಚಿದಾಗ ಮಾತ್ರ ಅಂಕಿ ವಿಚಿತ್ರ ಬರುತ್ತಿದ್ದರೆ ಇದನ್ನೂ ಒಂದು ಸಲ ನೋಡಿ. ಗಾಳಿ ಬರುವ ಕಡೆಗೆ ಬೆನ್ನು ಹಾಕಿ ನಿಲ್ಲಬೇಡಿ. ನಿಮ್ಮ ಉಸಿರು ಚೇಂಬರಿಗೆ ಹೋಗದ ಬದಿಯಲ್ಲಿ ಕೂರಿ.

ಖಾಲಿ ಪರೀಕ್ಷೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಒಂದು ಗಾಜಿನ ಹಲಗೆ ಅಥವಾ ಸ್ಟೀಲ್ ತಟ್ಟೆಯ ಮೇಲೆ ಚೇಂಬರ್ ಕೂರಿಸಿ ಐದು ನಿಮಿಷ ಓಡಿಸಿ. ಎರಡೂ ಅನಿಲ ಅಲುಗಾಡಬಾರದು. ಮೀಥೇನ್ ಏರಿದರೆ ಮೂಲ ಚೇಂಬರಿನಲ್ಲೇ ಇದೆ. ಹೊಸ ರಬ್ಬರು, ಹೊಸದಾಗಿ ಬಳಿದ ಸಿಲಿಕೋನು, ಅಂಟು ಇವುಗಳ ಮೇಲೆ ಅನುಮಾನ ಇಡಿ. ಹೊಸ ಚೇಂಬರನ್ನು ಕೆಲವು ದಿನ ಬಿಸಿಲಿಗೆ ಬಿಚ್ಚಿಟ್ಟು ವಾಸನೆ ಹೋದ ಮೇಲೆ ಕಾಡಿಗೆ ಒಯ್ಯಿರಿ.

ಪಂಪಿನ ಹರಿವು ಕಡಿಮೆಯಾದರೆ ಗೆರೆ ತಡವಾಗಿ ಪ್ರತಿಕ್ರಿಯಿಸುತ್ತದೆ, ಮೊದಲ ಒಂದೆರಡು ನಿಮಿಷ ಬಾಗಿರುತ್ತದೆ. ಬ್ಯಾಟರಿ ಇಳಿದಿರಬಹುದು. ಫಿಲ್ಟರಿನಲ್ಲಿ ಕಾಡುರಸ್ತೆಯ ಕೆಂಪು ಧೂಳು ತುಂಬಿರಬಹುದು. ಪೈಪನ್ನು ರಾತ್ರಿ ಕಾಡಲ್ಲೇ ಬಿಟ್ಟಿದ್ದರೆ ಬಾಯಿಯನ್ನು ನೋಡಿ. ಮಣ್ಣು ತಂದು ಗೂಡು ಕಟ್ಟುವ ಕಣಜಗಳಿಗೆ ಕಾಲಿಂಚಿನ ಪೈಪು ಅಂದರೆ ಕಟ್ಟಿಸಿಟ್ಟ ಮನೆ. ಇರುವೆಗಳೂ ಸೇರಿಕೊಳ್ಳುತ್ತವೆ. ಒತ್ತಡ ಸಮ ಮಾಡಲು ಚೇಂಬರ್ ಮೇಲೆ ಇಟ್ಟ ಸಣ್ಣ ರಂಧ್ರ ಜೇಡರ ಬಲೆಯಿಂದ ಮುಚ್ಚಿಹೋದರೆ, ಮುಚ್ಚಳ ಒತ್ತಿದಾಗ ಒಳಗಿನ ಗಾಳಿ ಮಣ್ಣಿಗೆ ನುಗ್ಗುತ್ತದೆ. ಆಗ ಮೊದಲ ಅರ್ಧ ನಿಮಿಷ ಎರಡೂ ಗೆರೆ ಜಿಗಿಯುತ್ತವೆ. ರಂಧ್ರ ಸರಿ ಇದ್ದಾಗಲೂ ಮೊದಲ 20–30 ಸೆಕೆಂಡು ಲೆಕ್ಕಕ್ಕೆ ತೆಗೆದುಕೊಳ್ಳದೇ ಇರುವುದು ಒಳ್ಳೆಯದು. ಪೈಪಿನೊಳಗೆ ನೀರು ಎಳೆದುಕೊಂಡರೆ ಮಾತ್ರ ಆಟ ಮುಗಿಯಿತು. ಅನಲೈಜರಿನ ಕನ್ನಡಿಗೆ ನೀರು ಹೋದರೆ ರಿಪೇರಿಗೆ ಕಳಿಸಬೇಕು. ಟೆಫ್ಲಾನ್ ಪೊರೆಯ ಫಿಲ್ಟರ್ ಒಂದನ್ನು ಜೇಬಿನಲ್ಲಿ ಜಾಸ್ತಿ ಇಟ್ಟುಕೊಳ್ಳಿ.

ಅಂಕಿಯ ದಾರಿ

ಎಲ್ಲ ದೋಷವೂ ಕಾಡಿನಲ್ಲೇ ಆಗುವುದಿಲ್ಲ. ಲ್ಯಾಪ್‌ಟಾಪಿನಲ್ಲೂ ಆಗುತ್ತವೆ.

ನಮ್ಮ ಕಡೆ ತೀರಾ ಸಾಮಾನ್ಯವಾದದ್ದು ಗಡಿಯಾರದ ತಪ್ಪು. ಅನಲೈಜರ್ ಗ್ರೀನ್‌ವಿಚ್ ಸಮಯದಲ್ಲಿ ದಾಖಲಿಸುತ್ತಿರುತ್ತದೆ. ಪುಸ್ತಕದಲ್ಲಿ ನೀವು ಬರೆದದ್ದು ನಮ್ಮ ಸಮಯ. ನಡುವೆ ಐದೂವರೆ ಗಂಟೆ. ಇದು ಬೇಗ ಗೊತ್ತಾಗುತ್ತದೆ, ಯಾಕೆಂದರೆ ಯಾವುದೂ ಹೊಂದುವುದಿಲ್ಲ. ಕಷ್ಟ ಕೊಡುವುದು ಒಂದು ನಿಮಿಷದ ವ್ಯತ್ಯಾಸ. ಫೋನು 10:04 ಅಂದಾಗ ಅನಲೈಜರ್ 10:05 ಅಂದುಕೊಂಡಿರುತ್ತದೆ. ಆಗ ನೀವು ಮುಚ್ಚುವ ಮೊದಲಿನ ಒಂದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ, ಇಳಿಕೆ ಕಡಿಮೆ ಕಾಣುತ್ತದೆ. ಕಾರ್ಬನ್ ಡೈಆಕ್ಸೈಡ್ ಗೆರೆ ಎಲ್ಲಿ ಏರಲು ಶುರುವಾಯಿತೋ ಅದೇ ನಿಜವಾದ ಮುಚ್ಚಿದ ಹೊತ್ತು. ಅದನ್ನೇ ಹಿಡಿಯಿರಿ.

ಎರಡನೆಯದು ಹಬೆಯ ತಪ್ಪು. ಚೇಂಬರ್ ಮುಚ್ಚಿದ ಮೇಲೆ ಒಳಗೆ ತೇವ ಏರುತ್ತದೆ. ನೀರಾವಿ ಸೇರಿದಷ್ಟೂ ಉಳಿದ ಅನಿಲಗಳ ಪಾಲು ಕಡಿಮೆಯಾಗುತ್ತದೆ. ನೀರಾವಿ ನೂರಕ್ಕೆ 2.5ರಿಂದ 3ಕ್ಕೆ ಏರಿತು ಅಂತ ಇಟ್ಟುಕೊಳ್ಳಿ. ಮೀಥೇನ್ ಅಣು ಒಂದೂ ಹೋಗದೆ ಅಂಕಿ ಸುಮಾರು 10 ಪಿಪಿಬಿ ಇಳಿಯುತ್ತದೆ. ನಾವು ಹುಡುಕುತ್ತಿರುವುದೇ 49, ಅದರಲ್ಲಿ 10 ಬರೀ ಹಬೆ. ಅನಲೈಜರ್ ಸಾಮಾನ್ಯವಾಗಿ ಒಣಗಾಳಿಯ ಲೆಕ್ಕವನ್ನೂ ಬೇರೆ ಕಾಲಮ್ಮಿನಲ್ಲಿ ಕೊಡುತ್ತದೆ. ಆ ಕಾಲಮ್ ತೆಗೆದುಕೊಂಡಿದ್ದೀರಾ ನೋಡಿ. ಬೇಸಿಗೆಯಲ್ಲಿ ಎಲ್ಲ ಕಾಲರೂ ಚೆನ್ನಾಗಿ ಹೀರುತ್ತಿವೆ, ಅದರಲ್ಲೂ ಬಿಸಿಲು ಬೀಳುವ ಕಾಲರ್ ಇನ್ನೂ ಜಾಸ್ತಿ ಅಂತ ಬಂದರೆ ಇದೇ ಕಾರಣ ಇರಬಹುದು.

ಚಿಹ್ನೆ ಮತ್ತು ಏಕಮಾನದ ಗೊಂದಲ ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಹೀರಿದ್ದಕ್ಕೆ ಮೈನಸ್ ಹಾಕುವುದು ರೂಢಿ, ಆದರೆ ಹೀರಿದ ಪ್ರಮಾಣ ಅಂತ ಪ್ಲಸ್‌ನಲ್ಲಿ ಕೊಡುವವರೂ ಇದ್ದಾರೆ. ಮಿಲಿಗ್ರಾಂ ಮೀಥೇನ್ ಮತ್ತು ಮಿಲಿಗ್ರಾಂ ಕಾರ್ಬನ್ ನಡುವೆ 16ಕ್ಕೆ 12ರ ವ್ಯತ್ಯಾಸ ಇದೆ. ನಿಮ್ಮ ಅಂಕಿ ಬೇರೆಯವರದ್ದಕ್ಕಿಂತ ಮೂರನೇ ಒಂದರಷ್ಟು ಜಾಸ್ತಿ ಬಂದರೆ ಮಣ್ಣನ್ನು ಬೈಯುವ ಮೊದಲು ಇದನ್ನು ನೋಡಿ.

ಆಮೇಲೆ ಆರ್-ಸ್ಕ್ವೇರ್. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಗೆರೆ ಎಷ್ಟು ನೇರವಾಗಿದೆ ಅನ್ನುವ ಈ ಅಂಕಿ 0.9ಕ್ಕಿಂತ ಕಡಿಮೆ ಇದ್ದರೆ ಆ ಅಳತೆ ಬಿಸಾಡಿ ಅಂತ ಒಂದು ನಿಯಮ ಓಡಾಡುತ್ತಿದೆ. ಮಣ್ಣು ನಿಜವಾಗಿಯೂ ಏನೂ ಹೀರದಿದ್ದಾಗ ಮೀಥೇನ್ ಗೆರೆ ಮಟ್ಟಸ. ಮಟ್ಟಸ ಗೆರೆಯ ಆರ್-ಸ್ಕ್ವೇರ್ ಸೊನ್ನೆಯ ಹತ್ತಿರ. ಅಂದರೆ ಈ ನಿಯಮ ಪಾಲಿಸಿದರೆ ನಿಜವಾದ ಸೊನ್ನೆಗಳನ್ನೆಲ್ಲ ಬಿಸಾಡಿ, ದೊಡ್ಡ ಅಂಕಿಗಳನ್ನು ಮಾತ್ರ ಉಳಿಸಿಕೊಂಡ ಹಾಗೆ. ಇಡೀ ವರ್ಷದ ಸರಾಸರಿ ಹೀರಿಕೆ ಹುಸಿಯಾಗಿ ಉಬ್ಬುತ್ತದೆ. ಮಳೆಗಾಲದ ತಿಂಗಳುಗಳೇ ಪಟ್ಟಿಯಿಂದ ಮಾಯವಾಗಬಹುದು. ಆರ್-ಸ್ಕ್ವೇರ್ ಬೇಕೇ ಬೇಕು ಅಂದರೆ ಕಾರ್ಬನ್ ಡೈಆಕ್ಸೈಡ್ ಗೆರೆಗೆ ಹಾಕಿ. ಅದು ನೇರವಾಗಿದ್ದರೆ ಚೇಂಬರ್ ಸರಿ ಇತ್ತು, ಮೀಥೇನ್ ಸೊನ್ನೆಯಾಗಿದ್ದರೂ ಇಟ್ಟುಕೊಳ್ಳಿ. ನಿಮ್ಮ ಯಂತ್ರಕ್ಕೆ ಕಾಣುವ ಕನಿಷ್ಠ ಫ್ಲಕ್ಸ್ (ಹೀರುವ ಅಥವಾ ಬಿಡುವ ವೇಗ) ಎಷ್ಟು ಅಂತ ಗಾಜಿನ ಹಲಗೆಯ ಪರೀಕ್ಷೆಯಿಂದ ತೆಗೆದು, ಅದಕ್ಕಿಂತ ಕಡಿಮೆ ಬಂದದ್ದಕ್ಕೆ ಗುರುತು ಹಾಕಿ. ಅಳಿಸಬೇಡಿ.

ಬಾಗಿದ ಗೆರೆಗೆ ಹೊಂದಿಸುವ ಸೂತ್ರಗಳೂ ಇವೆ. ಹಚಿನ್ಸನ್ ಮತ್ತು ಮೋಸಿಯರ್ 1981ರಲ್ಲಿ ಕೊಟ್ಟದ್ದು ಅದರಲ್ಲಿ ಹೆಸರಾದದ್ದು. ಫ್ಲಕ್ಸ್ ದೊಡ್ಡದಿದ್ದಾಗ, ಜಾಸ್ತಿ ಹೊತ್ತು ಮುಚ್ಚಿದಾಗ ಅದು ಸರಿ. ಅಲುಗಾಟವೇ ಜಾಸ್ತಿ ಇರುವ ಸಣ್ಣ ಇಳಿಕೆಗೆ ಹಾಕಿದರೆ ಹುಚ್ಚುಹುಚ್ಚು ಅಂಕಿ ಕೊಡುತ್ತದೆ. ಐದು ನಿಮಿಷದ ಅಳತೆಗೆ ನೇರ ಗೆರೆ ಸಾಕು.

ಸಿರಿಂಜು, ಸೀಸೆಯವರಿಗೆ

ಮುಚ್ಚಿದ ಕ್ಷಣ ಎಳೆದ ಮೊದಲ ಸಿರಿಂಜು ಬರೀ ಕಾಡಿನ ಗಾಳಿ. ಅದು 1.9ರಿಂದ 2 ಪಿಪಿಎಂ ಒಳಗೆ ಬರಬೇಕು. 1.5 ಬಂದರೆ ನಿಮ್ಮ ಕ್ಯಾಲಿಬ್ರೇಶನ್ ತಪ್ಪು ಅಥವಾ ಸೀಸೆಯನ್ನು ಪೂರ್ತಿ ನಿರ್ವಾತ ಮಾಡಿರಲಿಲ್ಲ, ಉಳಿದ ಅನಿಲದ ಜೊತೆ ಬೆರೆತಿದೆ. ಎಲ್ಲ ಸೀಸೆಯೂ 1.9ರ ಸುತ್ತಲೇ ಬಂದು ಯಾವ ಇಳಿಕೆಯೂ ಕಾಣದಿದ್ದರೆ ರಬ್ಬರ್ ಬಿರಡೆ ಸೋರಿ ಹೊರಗಾಳಿ ಸೇರಿರಬಹುದು. ಸೂಜಿ ಚುಚ್ಚಿ ಚುಚ್ಚಿ ಸವೆದ ಬಿರಡೆ ಇದಕ್ಕೆ ಮೊದಲ ಕಾರಣ. ಪತ್ತೆ ಮಾಡಲು ಸುಲಭ ಉಪಾಯ: ಗೊತ್ತಿರುವ ಪ್ರಮಾಣದ ಅನಿಲ ತುಂಬಿದ ಕೆಲವು ಸೀಸೆಗಳನ್ನು ಕಾಡಿಗೆ ಒಯ್ದು, ಉಳಿದವುಗಳ ಜೊತೆಯೇ ವಾಪಸ್ ತಂದು ಓಡಿಸಿ. ದಾರಿಯಲ್ಲಿ ಏನಾಯಿತು ಅಂತ ಅವು ಹೇಳುತ್ತವೆ. ಸೀಸೆಗೆ ಅದರ ಗಾತ್ರಕ್ಕಿಂತ ಜಾಸ್ತಿ ಗಾಳಿ ಒತ್ತಿ ತುಂಬಿ. ಸೋರಿದರೂ ಹೊರಕ್ಕೆ ಸೋರುತ್ತದೆ, ಒಳಗಿನ ಪ್ರಮಾಣ ಕೆಡುವುದಿಲ್ಲ.

ಲ್ಯಾಬಿನಲ್ಲಿ 10 ಪಿಪಿಎಂ ಸಿಲಿಂಡರ್ ಒಂದನ್ನೇ ಇಟ್ಟುಕೊಂಡು 1.7ಕ್ಕೂ 1.9ಕ್ಕೂ ವ್ಯತ್ಯಾಸ ಹುಡುಕುವುದು ಬೇಡ. ನಿಮ್ಮ ಅಂಕಿಗಳ ಕೆಳಗೊಂದು, ಮೇಲೊಂದು ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಅನಿಲ) ಇರಲಿ. ಹತ್ತು ಸ್ಯಾಂಪಲಿಗೆ ಒಮ್ಮೆ ಸ್ಟ್ಯಾಂಡರ್ಡ್ ಮತ್ತೆ ಓಡಿಸಿ. ಕರೆಂಟು ಹೋಗಿ ಬಂದ ಮೇಲೆ ಕ್ರೊಮಾಟೊಗ್ರಾಫಿನ ಓವನ್ನು ಮತ್ತೆ ಸ್ಥಿರವಾಗುವವರೆಗೂ ಕಾಯಿರಿ.

ಯಂತ್ರ ಸರಿ ಇದೆ, ಆದರೂ ಏರುತ್ತಿದೆ

ಇಷ್ಟೆಲ್ಲ ದಾಟಿ ಬಂದಿದ್ದೀರಿ ಅಂದರೆ ಇನ್ನು ನೆಲ ನೋಡಬೇಕು. ನಿಜ ಹೇಳಬೇಕು ಅಂದರೆ ಇದೇ ಸ್ವಾರಸ್ಯದ ಭಾಗ.

ಮೊದಲು ಕಾಲರ್. ಮಳೆಗಾಲದಲ್ಲಿ ಇಳಿಜಾರಿನಲ್ಲಿ ಹರಿಯುವ ನೀರನ್ನು ಕಾಲರ್ ಒಳಗೆ ಕಟ್ಟಿಹಾಕುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಹೊರಗೆ ನೀರು ಬಸಿದುಹೋಗಿರುತ್ತದೆ, ಕಾಲರಿನೊಳಗೆ ತರಗೆಲೆ ಕೊಳೆತು ಕೆಸರಾಗಿರುತ್ತದೆ. ನೀವೇ ಇಟ್ಟ ಪ್ಲಾಸ್ಟಿಕ್ ಬಳೆ ಒಂದು ಪುಟ್ಟ ಜೌಗು ತಯಾರು ಮಾಡಿದೆ, ಅದು ಮೀಥೇನ್ ಬಿಡುತ್ತಿದೆ. ಯಂತ್ರ ಸುಳ್ಳು ಹೇಳುತ್ತಿಲ್ಲ, ಆದರೆ ಅದು ಕಾಡಿನ ಅಂಕಿಯೂ ಅಲ್ಲ. ಕಾಲರಿನ ಒಳಗೆ, ಒಂದು ಮೊಳ ಹೊರಗೆ, ಎರಡೂ ಕಡೆ ಮಣ್ಣಿನ ತೇವ ಅಳೆದು ನೋಡಿ. ದೊಡ್ಡ ವ್ಯತ್ಯಾಸ ಇದ್ದರೆ ಕಾಲರ್ ಕಿತ್ತು ಬೇರೆ ಕಡೆ ಹಾಕಿ. ಹೊಸದಾಗಿ ಹೊಡೆದ ಕಾಲರಿನಲ್ಲಿ ಬೇರು ಕಡಿದು ಗಾಯವಾಗಿರುತ್ತದೆ. ಒಂದು ವಾರವಾದರೂ ಬಿಡಿ. ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಕಾಲರ್ ಸರಿಯಾಗಿ ಇಳಿಯುವುದಿಲ್ಲ, ಒಂದು ಬದಿ ಹರಳಿನ ಮೇಲೆ ಕೂತಿರುತ್ತದೆ. ಒಳಗಡೆ ನಾಲ್ಕು ಕಡೆ ಎತ್ತರ ಅಳೆದು ಸರಾಸರಿ ತೆಗೆಯಿರಿ. ಮೇಲೆ 5 ಲೀಟರ್ ಅಂದೆವಲ್ಲ, ಎತ್ತರದಲ್ಲಿ 2 ಸೆಂ.ಮೀ. ತಪ್ಪಿದರೆ ಅಲ್ಲೇ 0.6 ಲೀಟರ್ ಹೋಯಿತು.

ಮಳೆಗಾಲದಲ್ಲಿ ಹೀರಿಕೆ ಸೊನ್ನೆಗೆ ಇಳಿಯುವುದು ದೋಷ ಅಲ್ಲ. ಮೀಥೇನ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಬ್ಯಾಕ್ಟೀರಿಯಾಗಳಿಗೆ ಊಟ ಮುಟ್ಟುವುದಿಲ್ಲ. ಡಿಸೆಂಬರ್ ಹೊತ್ತಿಗೆ ಅದೇ ಕಾಲರ್ ಮತ್ತೆ ಹೀರಲು ಶುರು ಮಾಡಿದರೆ ಎಲ್ಲ ಸರಿ ಇತ್ತು ಅಂತ ಅರ್ಥ.

ಒಂದೇ ಒಂದು ಕಾಲರ್, ಬೇಸಿಗೆಯಲ್ಲೂ, ಒಣ ಮಣ್ಣಿನಲ್ಲೂ, ಹಟ ಹಿಡಿದ ಹಾಗೆ ಮೀಥೇನ್ ಬಿಡುತ್ತಿದೆಯಾ? ಕಾರ್ಬನ್ ಡೈಆಕ್ಸೈಡ್ ಕೂಡ ಅಕ್ಕಪಕ್ಕದ ಕಾಲರಿಗಿಂತ ಜಾಸ್ತಿ ಇದೆಯಾ? ಗೆದ್ದಲು. ಗೆದ್ದಲಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೀಥೇನ್ ತಯಾರಿಸುತ್ತವೆ. ಹುತ್ತ ಕಾಣಲೇಬೇಕು ಅಂತಿಲ್ಲ, ನೆಲದೊಳಗೇ ಇರುತ್ತವೆ. ಕಾಲರ್ ಹೊರಗಿನ ತರಗೆಲೆ ಸರಿಸಿ, ಒಣ ಕಡ್ಡಿಗಳ ಮೇಲೆ ಮೆತ್ತಿದ ಮಣ್ಣಿನ ಪದರ ಇದೆಯಾ ನೋಡಿ. ಬೆರಳಿನಲ್ಲಿ ಒಡೆದರೆ ಒಳಗೆ ಬಿಳಿ ಹುಳು ಓಡಾಡುವುದು ಕಾಣುತ್ತದೆ. ಒಂದು ಮೀಟರ್ ಆಚೆ ಇನ್ನೊಂದು ಕಾಲರ್ ಹಾಕಿ ಹೋಲಿಸಿ. ಈ ಅಳತೆಯನ್ನು ಹೊರಗಿನದು ಅಂತ ತೆಗೆದುಹಾಕುವವರಿದ್ದಾರೆ. ನನ್ನ ಪ್ರಕಾರ ತಪ್ಪು. ಗೆದ್ದಲೂ ಆ ಕಾಡಿನದ್ದೇ ಅಲ್ವಾ? ಆದರೆ ಹತ್ತು ಕಾಲರಿನಲ್ಲಿ ಒಂದಕ್ಕೆ ಗೆದ್ದಲು ಸಿಕ್ಕಿತು ಅಂತ ಕಾಡಿನ ಹತ್ತನೇ ಒಂದು ಭಾಗ ಹುತ್ತ ಅಂತ ಗುಣಿಸಬೇಡಿ. ಹುತ್ತ ನಿಜವಾಗಿ ಎಷ್ಟು ಜಾಗ ತಿಂದಿದೆ ಅಂತ ನಡೆದು ಎಣಿಸಿ.

ಚೇಂಬರ್ ಪಕ್ಕ ಎಲ್ಲಿ ನಿಲ್ಲುತ್ತೀರಿ ಅನ್ನುವುದೂ ಮುಖ್ಯ. ಜೌಗು ನೆಲದಲ್ಲಿ ಕಾಲಿಟ್ಟರೆ ಮಣ್ಣು ಒತ್ತಿ ಗುಳ್ಳೆಗಳು ಏಳುತ್ತವೆ. ಗೆರೆ ಮೆಟ್ಟಿಲು ಹತ್ತಿದ ಹಾಗೆ ಒಮ್ಮೆಲೇ ಏರಿ, ಆಮೇಲೆ ಮಟ್ಟಸವಾಗುತ್ತದೆ. ಯಾರೂ ಅಲುಗಾಡದೇ ಇದ್ದಾಗಲೂ ಹಾಗೆ ಆದರೆ ಅದು ನಿಜವಾದ ಗುಳ್ಳೆ, ಬರೆದಿಟ್ಟುಕೊಳ್ಳಿ. ನೀವು ಹೆಜ್ಜೆ ಹಾಕಿದಾಗ ಮಾತ್ರ ಆದರೆ ಅಡಿಕೆ ಮರದ ಹಲಗೆ ಎರಡು ಹಾಕಿ ಅದರ ಮೇಲೆ ನಿಲ್ಲಿ.

ಮರದ ಕಾಂಡಕ್ಕೆ ಚೇಂಬರ್ ಕಟ್ಟಿದಾಗ

ಮರವೂ ಈ ಲೆಕ್ಕದಲ್ಲಿದೆ ಅನ್ನುವುದು ಹಳೆಯ ಸುದ್ದಿಯೇ. ಅಮೆರಿಕದಲ್ಲಿ 1907ರಲ್ಲೇ ಕಾಟನ್‌ವುಡ್ ಮರದೊಳಗಿನ ಅನಿಲದಲ್ಲಿ ಮೀಥೇನ್ ಇರುವುದನ್ನು ಬುಶಾಂಗ್ ವರದಿ ಮಾಡಿದ್ದರು. 2017ರಲ್ಲಿ ಅಮೆಜಾನ್ ನೆರೆಬಯಲಿನ ಮರಗಳು ಮಣ್ಣಿನಿಂದ ಎಳೆದ ಮೀಥೇನನ್ನು ಕಾಂಡದ ಮೂಲಕ ಭಾರೀ ಪ್ರಮಾಣದಲ್ಲಿ ಹೊರಬಿಡುತ್ತವೆ ಅಂತ ತಿಳಿಯಿತು. 2024ರಲ್ಲಿ ಅಮೆಜಾನ್, ಪನಾಮಾ, ಬ್ರಿಟನ್, ಸ್ವೀಡನ್ ಕಾಡುಗಳ ಅಳತೆಯಿಂದ ಇನ್ನೊಂದು ಮುಖ ಕಂಡಿತು: ಒಣನೆಲದ ಮರಗಳ ತೊಗಟೆ, ಬುಡದಿಂದ ಮೇಲೆ ಹೋದ ಹಾಗೆ, ಮೀಥೇನ್ ಹೀರುತ್ತದೆ.

ಹಾಗಾಗಿ ಒಂದೇ ಮರದಲ್ಲಿ ಅರ್ಧ ಮೀಟರ್ ಎತ್ತರದಲ್ಲಿ ಪ್ಲಸ್, ಎರಡು ಮೀಟರ್ ಎತ್ತರದಲ್ಲಿ ಮೈನಸ್ ಬಂದರೆ ಯಂತ್ರವನ್ನು ಬೈಯಬೇಡಿ. ಎತ್ತರವನ್ನು ಬರೆಯದೇ ಇದ್ದರೆ ಮಾತ್ರ ಆ ಅಂಕಿಗೆ ಬೆಲೆ ಇಲ್ಲ. ಕಾಂಡದಲ್ಲಿ ಸೋರಿಕೆಯೇ ದೊಡ್ಡ ತಲೆನೋವು. ಒರಟು ತೊಗಟೆಯ ಬಿರುಕುಗಳಲ್ಲಿ ಗಾಳಿ ಓಡಾಡುತ್ತದೆ. ಮೆತ್ತನೆಯ ಜೇಡಿಮಣ್ಣನ್ನು ಬಿರುಕುಗಳಿಗೆ ತುಂಬಿ ಅದರ ಮೇಲೆ ಫೋಮ್ ಕೂರಿಸಿದರೆ ನಿಲ್ಲುತ್ತದೆ. ತೊಗಟೆಯನ್ನು ಕೆರೆದು ನಯ ಮಾಡಬೇಡಿ. ಆಸ್ಟ್ರೇಲಿಯಾದ ಮೆಲಲೂಕ ಮರಗಳ ತೊಗಟೆಯಲ್ಲೇ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳು ಸಿಕ್ಕಿವೆ. ನೀವು ಕೆರೆದು ಬಿಸಾಡುವುದು ಅಳೆಯಬೇಕಾದದ್ದನ್ನೇ ಆಗಿರಬಹುದು. ಕಾಂಡದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದು ಮಣ್ಣಿಗಿಂತ ನಿಧಾನ, ಆದರೂ ಸಾಕ್ಷಿಯಾಗಿ ಅದೇ ಸಾಕು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಂಥ (ರಾಮಪತ್ರೆ ಮರಗಳ ಜೌಗು ಕಾಡು) ಕಡೆ ಇನ್ನೂ ಒಂದು ತೊಡಕು ಇದೆ. ಅಲ್ಲಿನ ಮರಗಳಿಗೆ ಊರುಗೋಲಿನಂಥ ಬೇರು, ಕೆಸರಿನಿಂದ ಮಂಡಿಯಂತೆ ಮೇಲೆ ಬಾಗಿ ಏಳುವ ಬೇರು. ಮಣ್ಣಿನ ಕಾಲರಿನೊಳಗೆ ಅಂಥ ಒಂದು ಬೇರು ಸೇರಿದರೆ ಅದು ಬರೀ ಮಣ್ಣಿನ ಅಳತೆ ಅಲ್ಲ. ಬೇರು ಇದ್ದದ್ದು, ಇಲ್ಲದ್ದು ಬೇರೆ ಬೇರೆ ಪಟ್ಟಿ ಮಾಡಿ.

ಗೋಪುರದ ಅಂಕಿ ಚೇಂಬರಿಗೆ ಹೊಂದದಿದ್ದರೆ

ಮರದ ತಲೆಗಿಂತ ಎತ್ತರದ ಗೋಪುರದಲ್ಲಿ ಸೆಕೆಂಡಿಗೆ 10 ಅಥವಾ 20 ಸಲ ಗಾಳಿಯ ಮೇಲ್ಮುಖ ವೇಗವನ್ನೂ ಮೀಥೇನನ್ನೂ ಅಳೆದು ಇಡೀ ಕಾಡಿನ ಲೆಕ್ಕ ತೆಗೆಯುವ ವಿಧಾನಕ್ಕೆ ಎಡ್ಡಿ ಕೋವೇರಿಯನ್ಸ್ ಅನ್ನುತ್ತಾರೆ. ಕಾರ್ಬನ್ ಡೈಆಕ್ಸೈಡಿಗೆ ಚೆನ್ನಾಗಿ ಒದಗುತ್ತದೆ. ಒಣನೆಲದ ಕಾಡಿನ ಮೀಥೇನಿಗೆ ತಿಣುಕಾಡುತ್ತದೆ.

ತೆರೆದ ದಾರಿಯ, ಅಂದರೆ ಪೈಪಿಲ್ಲದೆ ಬಯಲ ಗಾಳಿಯಲ್ಲೇ ಅಳೆಯುವ, ಅನಲೈಜರ್ ಆಗಿದ್ದರೆ ಮೊದಲು ಸಾಂದ್ರತೆಯ ತಿದ್ದುಪಡಿ ನೋಡಿ. ವೆಬ್, ಪಿಯರ್ಮನ್, ಲ್ಯೂನಿಂಗ್ 1980ರಲ್ಲಿ ಕೊಟ್ಟ ಸೂತ್ರ. ಮೇಲೇರುವ ಬಿಸಿಗಾಳಿ ಹಗುರ, ಅದರಲ್ಲಿ ಎಲ್ಲ ಅನಿಲವೂ ಕಡಿಮೆ ಕಾಣುತ್ತದೆ. ಮಧ್ಯಾಹ್ನ ಕಾಡಿನಿಂದ ಚದರ ಮೀಟರಿಗೆ 200 ವ್ಯಾಟ್ ಶಾಖ ಮೇಲೇರುತ್ತಿದ್ದರೆ ಈ ತಿದ್ದುಪಡಿಯೇ ಸೆಕೆಂಡಿಗೆ 40 ನ್ಯಾನೊಮೋಲ್‌ಗಿಂತ ಜಾಸ್ತಿ ಆಗುತ್ತದೆ. ನಾವು ಹುಡುಕುತ್ತಿರುವುದು 1. ಶಾಖದ ಅಳತೆಯಲ್ಲಿ ನೂರಕ್ಕೆ 5 ತಪ್ಪಿದರೂ 2 ನ್ಯಾನೊಮೋಲ್ ಸುಳ್ಳು ಫ್ಲಕ್ಸ್ ಹುಟ್ಟುತ್ತದೆ. ಹಗಲು ಬಿಸಿಲಿನ ಜೊತೆಗೇ ಏರಿ ಇಳಿಯುವ ಮೀಥೇನ್ ಕಂಡರೆ ನನಗೆ ಮೊದಲು ನೆನಪಾಗುವುದು ಇದೇ. ಮಂಜು, ಮಳೆಯ ಹನಿ ಕನ್ನಡಿ ಮೇಲೆ ಕೂತ ಹೊತ್ತಿನ ಅಂಕಿಗಳನ್ನು ಸಂಕೇತದ ಬಲ ನೋಡಿ ಬೇರೆ ಮಾಡಿ.

ಪೈಪಿನ ಮೂಲಕ ಗಾಳಿ ಎಳೆಯುವ ಅನಲೈಜರ್ ಆದರೆ ತಡದ ತಪ್ಪು. ಗಾಳಿ ಪೈಪಿನಲ್ಲಿ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ. ಆ ತಡ ಎಷ್ಟು ಅಂತ ಸಾಫ್ಟ್‌ವೇರ್ ತಾನೇ ಹುಡುಕುತ್ತದೆ, ಹೊಂದಾಣಿಕೆ ಎಲ್ಲಿ ಅತಿ ಹೆಚ್ಚೋ ಅದನ್ನು ಹಿಡಿಯುತ್ತದೆ. ಸಂಕೇತ ತೀರಾ ಸಣ್ಣದಿದ್ದಾಗ ಅದು ಬರೀ ಗದ್ದಲದ ತುದಿಯನ್ನೇ ಹಿಡಿಯುತ್ತದೆ, ಒಮ್ಮೆ ದೊಡ್ಡ ಪ್ಲಸ್, ಒಮ್ಮೆ ದೊಡ್ಡ ಮೈನಸ್. ಸೊನ್ನೆಯ ಹತ್ತಿರ ಅಂಕಿಗಳೇ ಇಲ್ಲ, ಎರಡು ಕಡೆ ಮಾತ್ರ ಗುಂಪಾಗಿವೆ ಅಂದರೆ ಇದೇ ರೋಗ. ಅದೇ ಪೈಪಿನ ಕಾರ್ಬನ್ ಡೈಆಕ್ಸೈಡಿನಿಂದ ತಡ ತೆಗೆದು ಮೀಥೇನಿಗೂ ಅದನ್ನೇ ಹಾಕಿ.

ಗೋಪುರ ಎಲ್ಲಿಯದನ್ನು ನೋಡುತ್ತಿದೆ ಅನ್ನುವುದೂ ಗಾಳಿಯ ದಿಕ್ಕಿನ ಜೊತೆ ಬದಲಾಗುತ್ತದೆ. ಕೆಳಗಿನ ಕಣಿವೆಯಲ್ಲಿ ನೀರು ನಿಂತ ಭತ್ತದ ಗದ್ದೆ ಇದ್ದರೆ ಆ ಕಡೆಯ ಗಾಳಿ ಬಂದಾಗಲೆಲ್ಲ ಕಾಡು ಮೀಥೇನ್ ಬಿಟ್ಟ ಹಾಗೆ ಕಾಣುತ್ತದೆ. ಮೇಯುವ ದನಗಳೂ ಅಷ್ಟೇ. ಒಂದು ನಾಡ ಹಸು ದಿನಕ್ಕೆ ಹೆಚ್ಚು ಕಡಿಮೆ 100 ಗ್ರಾಂ ಮೀಥೇನ್ ಬಿಡುತ್ತದೆ ಅಂದುಕೊಂಡರೆ, ಮೇಲಿನ 1.4 ಮಿಲಿಗ್ರಾಂ ಲೆಕ್ಕದಲ್ಲಿ ಸುಮಾರು 18 ಎಕರೆ ಕಾಡುಮಣ್ಣು ದಿನವಿಡೀ ಹೀರಿದ್ದಕ್ಕೆ ಅದು ಸಮ. ಕಾಟಿ ಹಿಂಡು ಗೋಪುರದ ಬುಡದಲ್ಲಿ ರಾತ್ರಿ ಮಲಗಿದ್ದರೆ ಕ್ಯಾಮೆರಾ ಟ್ರ್ಯಾಪ್ ಇಲ್ಲದೆ ಗೊತ್ತಾಗುವುದಿಲ್ಲ. ಗಾಳಿ ಸ್ತಬ್ಧವಾದ ರಾತ್ರಿಗಳಲ್ಲಿ ಬಿಟ್ಟ ಅನಿಲ ಮರಗಳ ಕೆಳಗೇ ಉಳಿದು, ಬೆಳಿಗ್ಗೆ ಗಾಳಿ ಎದ್ದಾಗ ಒಟ್ಟಿಗೆ ಹೊರಬರುತ್ತದೆ. ಏಳೆಂಟು ಗಂಟೆಯ ಆ ಏರಿಕೆಯನ್ನು ಬೆಳಗಿನ ಫ್ಲಕ್ಸ್ ಅಂತ ಓದಬೇಡಿ.

ಇದೆಲ್ಲ ಸರಿ ಮಾಡಿದ ಮೇಲೂ ಚೇಂಬರ್ ಹೀರುತ್ತಿದೆ ಅನ್ನುತ್ತದೆ, ಗೋಪುರ ಬಿಡುತ್ತಿದೆ ಅನ್ನುತ್ತದೆ. ಎರಡೂ ನಿಜ ಇರಬಹುದು. ಅಮೆರಿಕದ ಮೇನ್ ರಾಜ್ಯದ ಹೌಲ್ಯಾಂಡ್ ಕಾಡಿನಲ್ಲಿ ಗೋಪುರದಿಂದ ಅಳೆದವರು 2014ರಲ್ಲಿ ಬರೆದ ಪ್ರಕಾರ, ಬೇಸಿಗೆಯ ಕೊನೆಯಲ್ಲಿ ನೆಲದಲ್ಲಿ ನೀರು ಎಷ್ಟಿತ್ತು ಅನ್ನುವುದರ ಮೇಲೆ ಅದೇ ಕಾಡು ಒಂದು ವರ್ಷ ಮೀಥೇನ್ ಬಿಡುವುದೂ ಇನ್ನೊಂದು ವರ್ಷ ಹೀರುವುದೂ ಆಯಿತು. ನಿಮ್ಮ ಕಾಲರುಗಳೆಲ್ಲ ನಡೆಯಲು ಸುಲಭವಾದ ಒಣ ಜಾಗದಲ್ಲೇ ಇವೆಯಾ ನೋಡಿ. ಹೆಚ್ಚಿನ ಸಲ ಹಾಗೇ ಇರುತ್ತವೆ. ಉಂಬಳ ಇರುವ ಹಳ್ಳದ ಬದಿಗೆ ಹೋಗಲು ಯಾರಿಗೂ ಇಷ್ಟವಿಲ್ಲ. ಗೋಪುರ ನೋಡುವ ಜಾಗದಲ್ಲಿ ಜೌಗು ಎಷ್ಟು, ಇಳಿಜಾರು ಎಷ್ಟು, ಕಾಂಡದ ಮೇಲ್ಮೈ ಎಷ್ಟು ಅಂತ ಅಳೆದು, ಆ ಪಾಲಿಗೆ ತಕ್ಕ ಹಾಗೆ ಕೆಲವು ಕಾಲರ್ ಹಳ್ಳಕ್ಕೂ ಕೆಲವು ಚೇಂಬರ್ ಕಾಂಡಕ್ಕೂ ಹಾಕಿ, ಮತ್ತೆ ಕೂಡಿ ನೋಡಿ.